ಮನೆಯೊಳಗೊಂದು ನಲವತ್ತೆಂಟು

ಮೋಸಗಾರನನ್ನು ಕಂಡರೆ ನೀವು 'ಫೋರ್ ಟ್ವೆಂಟಿ' ಎನ್ನುತ್ತೀರಿ. ಮುಂಬಯಿಯಲ್ಲೋ ದೆಹಲಿಯಲ್ಲೋ ಬೆಳೆದವರಾದರೆ 'ಚಾರ್ ಸೌ ಬೀಸ್'. 1860ರ ಭಾರತೀಯ ದಂಡಸಂಹಿತೆಯಲ್ಲಿ ವಂಚನೆಯ ಕಲಮಿನ ಸಂಖ್ಯೆ ಅದು. 2024ರ ಜುಲೈಯಲ್ಲಿ ಆ ಸಂಹಿತೆಯೇ ಹೋಯಿತು, ವಂಚನೆ ಹೊಸ ಕಾನೂನಿನ 318ನೆಯ ಕಲಮಾಯಿತು. ಆದರೆ 'ಅವನೊಬ್ಬ ತ್ರೀ ಏಟೀನ್' ಎಂದು ಯಾರಾದರೂ ಬೈದದ್ದನ್ನು ಕೇಳಿದ್ದೀರಾ?

ಇಟಲಿಯವರ ಬಾಯಲ್ಲೂ ಇಂಥದೊಂದು ಸಂಖ್ಯೆ ಉಂಟು. ಮಕ್ಕಳು ಸೇರಿ ಮನೆಯನ್ನು ರಣರಂಗ ಮಾಡಿದರೆ, ಸಭೆಯಲ್ಲಿ ಗದ್ದಲವೆದ್ದರೆ, 'ಕ್ವಾರಾಂತೊತ್ತೊ' ಆಯಿತು ಎನ್ನುತ್ತಾರೆ. ಹಾಗೆಂದರೆ ನಲವತ್ತೆಂಟು. ಅದು ಇಸವಿ, 1848.

ಆಗ ಇಟಲಿ ಒಂದು ದೇಶವಾಗಿರಲಿಲ್ಲ, ಹಲವು ತುಂಡುಗಳಾಗಿತ್ತು. ಮಿಲಾನ್ ನಗರವಿದ್ದದ್ದು ಆಸ್ಟ್ರಿಯಾದ ಕೈಯಲ್ಲಿ. ತಂಬಾಕಿನ ಹಣ ಆಸ್ಟ್ರಿಯಾದ ಬೊಕ್ಕಸಕ್ಕೆ ಹೋಗುತ್ತದೆಂದು ಆ ವರ್ಷದ ಜನವರಿಯಲ್ಲಿ ಮಿಲಾನಿನ ಜನ ಹೊಗೆ ಸೇದುವುದನ್ನೇ ಬಿಟ್ಟರು. (ನಮ್ಮ 1930ರ ಉಪ್ಪಿನ ಸತ್ಯಾಗ್ರಹ ನೆನಪಾಗುವುದಿಲ್ಲವೇ?) ಸೈನಿಕರು ಬೇಕೆಂದೇ ಚುರುಟು ಹಚ್ಚಿಕೊಂಡು ಬೀದಿಯಲ್ಲಿ ಅಡ್ಡಾಡಿದರು. ಹೊಡೆದಾಟವಾಗಿ ಹೆಣಗಳು ಬಿದ್ದವು. ಅದೇ ತಿಂಗಳ 12ರಂದು ದೂರದ ಸಿಸಿಲಿಯ ಪಲೆರ್ಮೊದಲ್ಲೂ ಜನ ತಮ್ಮ ದೊರೆಯ ವಿರುದ್ಧ ದಂಗೆಯೆದ್ದರು.

ಮಾರ್ಚ್ 18ಕ್ಕೆ ಮಿಲಾನ್ ಸಿಡಿಯಿತು. ಬೀದಿಗಳನ್ನು ಅಡ್ಡಗಟ್ಟಲು ಜನ ಕೈಗೆ ಸಿಕ್ಕಿದ್ದನ್ನೆಲ್ಲ ತಂದು ಒಟ್ಟಿದರು: ಸಾರೋಟು, ಚರ್ಚಿನ ಬೆಂಚು, ಮನೆಯ ಮೇಜು, ಮಂಚ, ಹಾಸಿಗೆ. ಹೀಗಾಗಿ, ಮನೆ ಅಸ್ತವ್ಯಸ್ತವಾದಾಗ ಈ ಮಾತನ್ನಾಡುವ ಇಟಲಿಯ ತಾಯಿ, ತನಗೆ ಗೊತ್ತಿಲ್ಲದೆಯೇ, ಅಕ್ಷರಶಃ ಸರಿಯಾದದ್ದನ್ನೇ ಹೇಳುತ್ತಾಳೆ! ಐದು ದಿನ ಕಾದಾಡಿದ ಊರಿನವರು 81 ವರ್ಷದ ಮುದಿ ದಂಡನಾಯಕ ರಾಡೆಟ್ಸ್ಕಿಯನ್ನು ಅವನ ಸೇನೆಯ ಸಮೇತ ಹೊರಗಟ್ಟಿದರು.

ಆದರೆ ಆಗಸ್ಟಿನಲ್ಲಿ ಅವನು ಮರಳಿ ಬಂದ. ಮಿಲಾನಿಗೆ ಆಸ್ಟ್ರಿಯಾದಿಂದ ಬಿಡುಗಡೆ ಸಿಕ್ಕಿದ್ದು 1859ರಲ್ಲಿ. ನಲವತ್ತೆಂಟರಲ್ಲೇ ಗೆದ್ದಿದ್ದರೆ ಆ ಇಸವಿ ಪಠ್ಯಪುಸ್ತಕದಲ್ಲಿ ಗೌರವದಿಂದ ಕುಳಿತಿರುತ್ತಿತ್ತೋ ಏನೋ. ಸೋತದ್ದರಿಂದಲೇ ಅದು ಬರೀ ಗಲಾಟೆಯ ಹೆಸರಾಗಿ ಅಡುಗೆಮನೆಗೆ ಇಳಿಯಿತು ಎಂದು ನನಗನಿಸುತ್ತದೆ. ಪ್ರಾಣ ಕೊಟ್ಟವರಿಗೆ ಇದು ಅನ್ಯಾಯವೇ. ಆದರೂ ಆ ವರ್ಷದ ಎಲ್ಲವೂ ಮುರಿದುಬೀಳಲಿಲ್ಲ. ಪೀಡ್ಮಾಂಟಿನ ದೊರೆ ಕಾರ್ಲೊ ಆಲ್ಬೆರ್ತೊ 1848ರ ಮಾರ್ಚ್ 4ರಂದು ಕೊಟ್ಟ ಸಂವಿಧಾನ ಮುಂದೆ ಇಡೀ ಇಟಲಿಯದಾಗಿ, ಸರಿಯಾಗಿ ಇನ್ನೊಂದು ನಲವತ್ತೆಂಟರವರೆಗೆ, ಅಂದರೆ 1948ರ ಜನವರಿ 1ರಂದು ಗಣರಾಜ್ಯದ ಸಂವಿಧಾನ ಜಾರಿಗೆ ಬರುವವರೆಗೆ, ಬಾಳಿತು.

ಎಂದಾದರೂ ಮಿಲಾನಿಗೆ ಹೋದರೆ ಆ ಐದು ದಿನಗಳ ಹೆಸರು ಹೊತ್ತ ಚೌಕವನ್ನು ನೋಡಿ ಬನ್ನಿ. ಅಲ್ಲಿರುವ 1895ರ ಕಂಚಿನ ಸ್ತಂಭದ ಮೇಲೆ ಮಡಿದವರ ಹೆಸರುಗಳನ್ನು ಕೆತ್ತಿದ್ದಾರೆ.