ಚಿಕ್ಕ ಮೋಟಾರು, ದೊಡ್ಡ ಮಳೆ

ಮನುಷ್ಯನಿಗೆ ಯಾವ ವಯಸ್ಸಿನಲ್ಲಿ ಯಾವ ಹುಚ್ಚು ಹಿಡಿಯುವದೆಂಬುದನ್ನು ಹೇಳಲಾಗದು. ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿಕೊಂಡು, ವಿಲೆ ಪಾರ್ಲೆಯಲ್ಲಿ ಎರಡು ಕೋಣೆಯ ಸಂಸಾರ ಹೂಡಿ, ಲೋಕಲ್ ಗಾಡಿಯ ಪಾಸಿನಲ್ಲಿಯೇ ಪಾವನರಾಗಿದ್ದ ನಮಗೆ 2018ರಲ್ಲಿ ಮೋಟಾರಿನ ಹುಚ್ಚು ಹಿಡಿಯಿತು. ಅದೂ ಎಂತಹ ಮೋಟಾರು! ಕೆಂಪು ಬಣ್ಣ, ನೆಲಕ್ಕೆ ಹೊಟ್ಟೆ ಹಚ್ಚಿದಂಥ ಮೈಕಟ್ಟು, ಅಂಗೈ ಅಗಲಕ್ಕಿಂತಲೂ ಅಗಲವಾದ ಟಯರು, ಬೆನ್ನ ಮೇಲೊಂದು ರೆಕ್ಕೆ. ಹಿಂದಿನ ಒಡೆಯನು ಕಾಲೇಜಿನ ತರುಣ. ಓಟದ ಗಾಡಿಯಂತೆ ಕಾಣಲೆಂದು ಅದಕ್ಕೆ ಈ ಅಲಂಕಾರವನ್ನೆಲ್ಲ ಮಾಡಿಸಿ, ಎರಡು ವರ್ಷ ಓಡಿಸಿ, ಬೇಸರವಾಗಿ ಮಾರಿದ್ದನು. ನಾವು ಮೊದಲ ದಿನ ಅದನ್ನು ಕಟ್ಟಡದ ಅಂಗಳದಲ್ಲಿ ತಂದು ನಿಲ್ಲಿಸಿದಾಗ ನೆರೆಯ ಅಜ್ಜಿಯೊಬ್ಬರು, “ಇದರಲ್ಲಿ ಕೂಡುವದೋ, ಮಲಗುವದೋ?” ಎಂದು ಕೇಳಿದರು. ನಮಗೆ ಮಾತ್ರ ಪುಷ್ಪಕ ವಿಮಾನವೇ ದೊರೆತಂತಾಗಿತ್ತು.

ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿರುವ ನಮ್ಮ ಸೋದರಮಾವನ ಮಗನೂ ಇಂಥದೇ ಚಿಕ್ಕ ಮೋಟಾರಿನ ಒಡೆಯ. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಮೇಲೆ ಮೊಳಕಾಲುದ್ದ ಹಿಮ ಬೀಳುತ್ತದೆ. ಇಂತಹ ಗಾಡಿಯನ್ನು ಹಿಮದಲ್ಲಿ ಹೇಗೆ ಓಡಿಸುತ್ತೀ ಎಂದು ಫೋನಿನಲ್ಲಿ ಕೇಳಿದೆವು. ಚಳಿ ಏಳು ಡಿಗ್ರಿಗಿಂತ ಕೆಳಗಿಳಿದರೆ ಸಾಮಾನ್ಯ ಟಯರಿನ ರಬ್ಬರು ಗಡುಸಾಗುವದಂತೆ. ಚಳಿಗಾಲದ ಟಯರಿನ ರಬ್ಬರು ಆಗಲೂ ಮೆತ್ತಗೆ ಉಳಿದು ರಸ್ತೆಯನ್ನು ಹಿಡಿಯುವದಂತೆ. ಅವನಿರುವ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರ ವರೆಗೆ ಅಂಥ ಟಯರು ಹಾಕಿಸುವದು ಕಾಯದೆಯಿಂದಲೇ ಕಡ್ಡಾಯ. “ಇನ್ನುಳಿದದ್ದು ದೊಡ್ಡ ವಿದ್ಯೆಯೇನಲ್ಲೋ. ಬ್ರೇಕು, ಸ್ಟಿಯರಿಂಗು, ಎಕ್ಸಿಲರೇಟರು ಮೂರನ್ನೂ ನಿದ್ದಿ ಹತ್ತಿದ ಕೂಸನ್ನ ಮುಟ್ಟಿಧಾಂಗ ಮುಟ್ಟಬೇಕು, ಅಷ್ಟ. ಅದಿರಲಿ, ನಿಮ್ಮ ಮುಂಬಯಿ ಮಳಿಗಾಲಕ್ಕ ನೀವು ಏನು ಬದಲಿ ಮಾಡ್ತೀರಿ?” ಎಂದನು.

“ವೈಪರಿನ ರಬ್ಬರು,” ಎಂದೆವು. ಅವನು ನಕ್ಕನು. ಆ ನಗೆಯ ಅರ್ಥ ನಮಗೆ ತಿಳಿದದ್ದು 2019ರ ಆಗಸ್ಟ್ 3ರಂದು.

ಆ ವರ್ಷ ನಾಗರ ಪಂಚಮಿ ಆಗಸ್ಟ್ 5ರ ಸೋಮವಾರ ಬಂದಿತ್ತು. ಧಾರವಾಡದ ಕಡೆಯ ಹೆಣ್ಣುಮಕ್ಕಳಿಗೆ ಪಂಚಮಿಯೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ತವರು, ಜೋಕಾಲಿ, ಉಂಡಿ ಈ ಮೂರು ಇಲ್ಲದ ಪಂಚಮಿ ಪಂಚಮಿಯೇ ಅಲ್ಲ. ನಮ್ಮ ಶ್ರೀಮತಿಯವರು ಎರಡು ವರ್ಷ ಹೋಗಿರಲಿಲ್ಲ. ರೈಲಿನಲ್ಲಿ ಜಾಗ ಸಿಕ್ಕಿರಲಿಲ್ಲ. ಅಂಗಳದಲ್ಲಿ ಪುಷ್ಪಕವಿರುವಾಗ ರೈಲಿನ ಹಂಗೇಕೆಂದು ನಾವು ಸೋಮವಾರದ ರಜೆಯ ಅರ್ಜಿ ಕೊಟ್ಟು, ಶನಿವಾರ ಬೆಳಗಿನ ಐದು ಗಂಟೆಗೆ ಐದು ವರ್ಷದ ಮಗಳೊಡನೆ ಹೊರಟೆವು. ರಾತ್ರಿಯಿಡೀ ಮಳೆ ಸುರಿದಿತ್ತು, ಇನ್ನೂ ಸುರಿಯುತ್ತಿತ್ತು.

ಇಲ್ಲಿ ಒಂದು ತಪ್ಪೊಪ್ಪಿಗೆಯಿದೆ. ಗಾಡಿಯ ಟಯರುಗಳು ಸವೆದಿದ್ದವು. ಪಾರ್ಲೆಯ ಪಂಕ್ಚರ್ ಅಂಗಡಿಯವನು ಮೇ ತಿಂಗಳಲ್ಲಿಯೇ ಬೆರಳಿಟ್ಟು ತೋರಿಸಿದ್ದನು. ಟಯರಿನ ಗೀರುಗಳ ತಳದಲ್ಲಿ ಅಲ್ಲಲ್ಲಿ ಚಿಕ್ಕ ಅಡ್ಡಗಟ್ಟುಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರು. ಸವೆದು ಸವೆದು ಟಯರಿನ ಮೈ ಆ ಅಡ್ಡಗಟ್ಟಿಗೆ ಸಮನಾಯಿತೆಂದರೆ ಅದರ ಆಯುಷ್ಯ ತೀರಿತೆಂದೇ ಲೆಕ್ಕ. ಕಾಯದೆಯೂ ಹಾಗೆಯೇ ಹೇಳುತ್ತದೆ. ನಮ್ಮವು ಹೆಚ್ಚುಕಡಿಮೆ ಸಮನಾಗಿದ್ದವು. ಆದರೆ ನಾಲ್ಕು ಟಯರಿನ ಬೆಲೆ ಕೇಳಿ, ತುಟ್ಟಿಭತ್ತೆಯ ಬಾಕಿ ಬಂದ ಮೇಲೆ ನೋಡೋಣವೆಂದು ಆ ಪ್ರಕರಣವನ್ನು ನಾವು ಕಚೇರಿಯ ರೂಢಿಯಂತೆ ಮುಂದೂಡಿದ್ದೆವು. ಗಾಡಿಯೊಳಗಿನ ಹಾಡಿನ ಪೆಟ್ಟಿಗೆಗೆ ಮಾತ್ರ ಹಣ ತಡವಿಲ್ಲದೆ ಮಂಜೂರಾಗಿತ್ತು.

ಪನವೇಲ ದಾಟಿ ಪುಣೆಯ ಎಕ್ಸ್‌ಪ್ರೆಸ್ ಹೆದ್ದಾರಿಗೆ ಬಂದೆವು. ವೇಗ ಮಿತಿಯ ಒಳಗೇ ಇತ್ತು, 80ರ ಆಸುಪಾಸು. ಮುಂದಿನ ಲಾರಿ ಎರಚುವ ನೀರಿನಿಂದ ಕಾಜು ಬೆಳ್ಳಗಾಗಿತ್ತು. ಅದನ್ನು ದಾಟಿಬಿಡೋಣವೆಂದು ಎಕ್ಸಿಲರೇಟರನ್ನು ತುಸು ಹೆಚ್ಚಾಗಿ ಒತ್ತಿದೆವು. ರಸ್ತೆಯಲ್ಲೊಂದು ತಗ್ಗು, ಅದರಲ್ಲಿ ಎರಡು ಬೆರಳು ನೀರು. ಒಮ್ಮೆಲೆ ಸ್ಟಿಯರಿಂಗು ಹತ್ತಿಯಂತೆ ಹಗುರಾಯಿತು. ಗಾಡಿಗೂ ನಮ್ಮ ಕೈಗೂ ಸಂಬಂಧ ಹರಿದುಹೋದಂತಾಯಿತು. ಹೆದರಿ ಬ್ರೇಕನ್ನು ಬಲವಾಗಿ ತುಳಿದೆವು. ಹಿಂಬದಿಯು ಮುಂದಕ್ಕೆ ಬಂತು, ಮುಂಬದಿಯು ಹಿಂದಕ್ಕೆ ಹೋಯಿತು. ಕಣ್ಣು ಬಿಡುವಷ್ಟರಲ್ಲಿ ಗಾಡಿ ನಾವು ಬಂದ ದಿಕ್ಕಿಗೇ ಮುಖ ಮಾಡಿ, ರಸ್ತೆಯ ಅಂಚಿನ ಕಬ್ಬಿಣದ ತಡೆಗೆ ಒಂದು ಮೊಳ ದೂರದಲ್ಲಿ ನಿಂತಿತ್ತು. ಆ ಲಾರಿಯ ಹಿಂದೆ ಬರುತ್ತಿದ್ದ ಇನ್ನೊಂದು ಲಾರಿ ಭೋಂಗು ಹೊಡೆಯುತ್ತ ಪಕ್ಕದಲ್ಲೇ ಹಾಯ್ದುಹೋಯಿತು. ಶ್ರೀಮತಿಯವರ ಕೈ ಮಗಳ ಎದೆಯ ಮೇಲಿತ್ತು. ನಿದ್ದೆಯಿಂದೆದ್ದ ಮಗಳು, “ಅಪ್ಪಾ, ಧಾರವಾಡ ಬಂತೇನು?” ಎಂದು ಕೇಳಿದಳು. ನಮ್ಮಿಬ್ಬರಿಗೂ ಉತ್ತರ ಕೊಡುವ ಶಕ್ತಿಯಿರಲಿಲ್ಲ.

ಆಗ ಆದದ್ದೇನೆಂಬುದನ್ನು ಆಮೇಲೆ ತಿಳಿದುಕೊಂಡೆವು. ಟಯರಿನ ಗೀರುಗಳು ಅಲಂಕಾರಕ್ಕಲ್ಲ, ಅವು ಗಟಾರಗಳು. ರಸ್ತೆಯ ಮೇಲಿನ ನೀರನ್ನು ಪಕ್ಕಕ್ಕೆ ಸಾಗಿಸಿ ರಬ್ಬರು ನೆಲವನ್ನು ಮುಟ್ಟುವಂತೆ ಮಾಡುವದು ಅವುಗಳ ಕೆಲಸ. ಗೀರು ಸವೆದು, ವೇಗ ಹೆಚ್ಚಾದರೆ ನೀರಿಗೆ ಪಕ್ಕಕ್ಕೆ ಸರಿಯಲು ಪುರಸತ್ತಿಲ್ಲ. ಅದು ಟಯರಿನ ಕೆಳಗೆ ಸೇರಿ ಗಾಡಿಯನ್ನೇ ಎತ್ತುತ್ತದೆ. ಗಾಳಿ ಕಡಿಮೆಯಿದ್ದ ಟಯರು ಇನ್ನೂ ಬೇಗ ತೇಲುವದು. ಮೇಲಾಗಿ ಗಾಡಿ ಹಗುರ, ಟಯರು ಅಗಲ. ಅಗಲವಾದ ಹಲಗೆ ನೀರಿನ ಮೇಲೆ ಜಾರುವಷ್ಟು ಸುಲಭವಾಗಿ ಕಿರಿದಾದ ಪಟ್ಟಿ ಜಾರದು. ನಾವು ಠೀವಿಯೆಂದು ಮೆಚ್ಚಿಕೊಂಡಿದ್ದ ಲಕ್ಷಣಗಳೇ ಮಳೆಯಲ್ಲಿ ನಮ್ಮ ವೈರಿಗಳು! ಹಾಗೆ ತೇಲಿದಾಗ ಬ್ರೇಕು ತುಳಿಯಬಾರದು, ಸ್ಟಿಯರಿಂಗು ತಿರುವಬಾರದು. ಎಕ್ಸಿಲರೇಟರಿನಿಂದ ಕಾಲು ತೆಗೆದು ಸ್ಟಿಯರಿಂಗನ್ನು ನೇರವಾಗಿ ಹಿಡಿದು ಕೂತರೆ, ವೇಗ ಇಳಿದು ಚಕ್ರ ಮತ್ತೆ ನೆಲ ಹಿಡಿಯುವದು. ಎರಡೇ ಹೊಸ ಟಯರು ಕೊಳ್ಳಲು ಶಕ್ತಿಯಿದ್ದರೆ ಅವನ್ನು ಹಿಂದಿನ ಚಕ್ರಗಳಿಗೆ ಹಾಕಿಸಬೇಕು. ಹಿಂಬದಿ ಜಾರಿದರೆ ಗಾಡಿ ಬುಗುರಿಯಾಗುತ್ತದೆ. ನಾವೇ ಅದಕ್ಕೆ ಸಾಕ್ಷಿ.

ವೇಗದ ಲೆಕ್ಕವೂ ನಾವು ತಿಳಿದಂತೆ ಇಲ್ಲ. ವೇಗ 30ರಿಂದ 60ಕ್ಕೆ ಏರಿದರೆ ನಿಲ್ಲಿಸಲು ಬ್ರೇಕಿಗೆ ಬೇಕಾಗುವ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದೂ ಒಣ ರಸ್ತೆಯಲ್ಲಿ. ಒದ್ದೆಯಲ್ಲಿ ಇನ್ನೂ ಹೆಚ್ಚು. ಮುಂದಿನ ಗಾಡಿ ಒಂದು ಕಂಬವನ್ನು ದಾಟಿದ ಮೇಲೆ ನಾವು ಅದೇ ಕಂಬಕ್ಕೆ ಬರುವಷ್ಟರಲ್ಲಿ ಒಂದರಿಂದ ನಾಲ್ಕರ ವರೆಗೆ ನಿಧಾನವಾಗಿ ಎಣಿಸಲು ಬರಬೇಕು. ಬೇಸಿಗೆಯ ಎಣ್ಣೆ-ಧೂಳು ಒಂದಾಗಿ ಲೋಳೆಯಾಗುವ ಮೊದಲ ಮಳೆಯಲ್ಲಂತೂ ಇನ್ನೂ ಎಚ್ಚರ ಬೇಕು. ದೀಪ ಹಚ್ಚಬೇಕು, ಆದರೆ ನಾಲ್ಕೂ ಮಿಣುಕುದೀಪಗಳನ್ನು ಹಚ್ಚಿಕೊಂಡು ಓಡಿಸುವ ಈಗಿನ ರೂಢಿ ತಪ್ಪು. ಅವು ನಿಂತ ಗಾಡಿಯ ಗುರುತು. ನಾವು ಎತ್ತ ತಿರುಗುವೆವೆಂಬುದು ಹಿಂದಿನವನಿಗೆ ತಿಳಿಯದೆ ಹೋಗುವದು.

ಕಥೆಗೆ ಮರಳೋಣ. ಖಾಲಾಪುರದ ಟೋಲ್ ನಾಕೆಯ ಹತ್ತಿರ ಗಾಡಿ ನಿಲ್ಲಿಸಿ ಚಹಾ ಕುಡಿದೆವು. ಘಟ್ಟ ಇನ್ನೂ ಮುಂದಿತ್ತು. ಅದರಾಚೆ ಖಂಬಾಟಕಿಯ ಘಟ್ಟ; ಅದರಾಚೆ ಕೊಲ್ಲಾಪುರ. “ಇಷ್ಟು ದೂರ ಬಂದೇವಿ, ಸಾವಕಾಶ ಹೋಗೂಣಲ್ಲ?” ಎಂದು ನಾವೇ ಅಂದೆವು. ನಮಗೆ ಮಾವನವರೆದುರು ನಮ್ಮ ಮಾತು ಉಳಿಯಬೇಕಾಗಿತ್ತು. ತವರಿಗೆ ಹೋಗಬೇಕಾಗಿದ್ದವರು ಮಾತ್ರ ಸೆರಗಿನಿಂದ ಮಗಳ ತಲೆ ಒರೆಸುತ್ತ, “ಬ್ಯಾಡ್ರಿ. ಜೋಕಾಲಿ ಮುಂದಿನ ವರ್ಷಾನೂ ಇರ್ತದ,” ಎಂದರು. ಖೋಪೋಲಿಯ ಹತ್ತಿರ ಇಳಿದು ಹಳೆಯ ಪುಣೆ ರಸ್ತೆಯಿಂದ ಎತ್ತಿನ ಬಂಡಿಯ ಗತಿಯಲ್ಲಿ ಹಿಂದಕ್ಕೆ ಬಂದೆವು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಕಣ್ಣೀರು ಒರೆಸಿಕೊಂಡದ್ದನ್ನು ಕನ್ನಡಿಯಲ್ಲಿ ಕಂಡೆವು.

ಮಂಗಳವಾರದ ಹೊತ್ತಿಗೆ ಪಂಚಗಂಗೆ ಉಕ್ಕಿ ಕೊಲ್ಲಾಪುರದ ಹತ್ತಿರ ಹೆದ್ದಾರಿಯೇ ಮುಳುಗಿತು. ಸುಮಾರು ಒಂದು ವಾರ ಸಾವಿರಾರು ಲಾರಿಗಳು ಅಲ್ಲಲ್ಲೇ ನಿಂತವು. 2021ರ ಜುಲೈಯಲ್ಲಿಯೂ ಹೀಗೆಯೇ ಆಯಿತು. ಕರಾವಳಿಯ ದಾರಿಯೂ ಇದಕ್ಕೆ ಹೊರತಲ್ಲ: 2016ರ ಆಗಸ್ಟ್ 2ರ ರಾತ್ರಿ ಮಹಾಡದ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆ ಕುಸಿದು ಎರಡು ಬಸ್ಸುಗಳು ಪ್ರವಾಹದ ಪಾಲಾದವು. ಊರಿಗೆ ಹೊರಡುವ ಮುನ್ನ ಗಾಡಿಯ ಎಣ್ಣೆಯನ್ನು ನೋಡುವಂತೆ ನದಿಗಳ ಸುದ್ದಿಯನ್ನೂ ನೋಡುವದು ಅವಶ್ಯ.

ಊರ ದಾರಿಯದು ಹಾಗಿರಲಿ. ನಮ್ಮ ಪಾರ್ಲೆಯಲ್ಲಿ ದಿನವೂ ಎದುರಾಗುವ ಗಂಡಾಂತರ ಬೇರೆಯದು. ದಕ್ಷಿಣಕ್ಕೆ ಮಿಲನ್ ಸಬ್‌ವೇ, ಉತ್ತರಕ್ಕೆ ಅಂಧೇರಿ ಸಬ್‌ವೇ. ಎರಡೂ ರೈಲುಹಳಿಯ ಕೆಳಗಿನ ಬಟ್ಟಲುಗಳು. ಮಿಲನ್‌ಗೆ 2013ರಿಂದ ಮೇಲ್ಸೇತುವೆಯ ಆಸರೆಯಿದೆ. 2005ರ ಜುಲೈ 26ರಂದು ನೆರೆಯ ಸಾಂತಾಕ್ರೂಜಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರು ಮಳೆಯಾಯಿತು. ನಮ್ಮ ಧಾರವಾಡಕ್ಕೆ ವರ್ಷವಿಡೀ ಬೀಳುವ ಮಳೆಗಿಂತಲೂ ಇದು ಹೆಚ್ಚು! ಅಂದು ಮೋಟಾರುಗಳ ಬಾಗಿಲು ತೆರೆಯಲಾಗದೆ ಒಳಗೇ ಉಸಿರು ಕಟ್ಟಿ ಸತ್ತವರಿದ್ದಾರೆ. ಗಾಡಿ ದೊಡ್ಡದಾದರೆ ಭಯವಿಲ್ಲವೆಂದಲ್ಲ. ನಮ್ಮ ಪಂಚಮಿಯ ಪ್ರಯಾಣಕ್ಕೆ ಒಂದು ತಿಂಗಳು ಮೊದಲು, 2019ರ ಜುಲೈ ಆರಂಭದ ಒಂದು ರಾತ್ರಿ, ಮಲಾಡದ ಸಬ್‌ವೇಯಲ್ಲಿ ದೊಡ್ಡ ಗಾಡಿಯೊಂದರಲ್ಲಿ ಸಿಕ್ಕಿಬಿದ್ದು ಇಬ್ಬರು ಪ್ರಾಣ ಕಳೆದುಕೊಂಡರು.

ನೀರಿನಲ್ಲಿ ಗಾಡಿ ಏಕೆ ಮೋಸ ಮಾಡುವದೆಂದು ಒಂದು ಮಧ್ಯಾಹ್ನ ಹಳೆಯ ಫೈಲಿನ ಹೊದಿಕೆಯ ಮೇಲೆ ಲೆಕ್ಕ ಹಾಕಿದೆವು. ಗಾಡಿಯ ತೂಕ 900 ಕಿಲೊ. ಅದರ ತಳ ಐದಾರು ಚದರ ಮೀಟರು. ತಳಕ್ಕಿಂತ ಒಂದು ಗೇಣು ಮೇಲೆ ನೀರು ನಿಂತರೆ ಅದು ಗಾಡಿಯ ತೂಕದಷ್ಟೇ ಬಲದಿಂದ ಮೇಲಕ್ಕೆ ಎತ್ತುತ್ತದೆ. ತಳವೋ ನೆಲದಿಂದ ಗೇಣಿಗಿಂತ ಎತ್ತರವಿಲ್ಲ. ಎಂದರೆ ರಸ್ತೆಯಲ್ಲಿ ಒಂದಡಿಯ ಮೇಲೆ ಸ್ವಲ್ಪ ನೀರಿದ್ದರೂ ಸಾಕು, ಮೋಟಾರು ದೋಣಿಯಾಗತೊಡಗುತ್ತದೆ, ಹುಟ್ಟಿಲ್ಲದ ದೋಣಿ! ಬಾಗಿಲಿನ ಹೊರಗೆ ಅರ್ಧ ಮೀಟರು ನೀರು ನಿಂತು ಒಳಗೆ ಇಲ್ಲದಿದ್ದರೆ ಬಾಗಿಲಿನ ಮೇಲೆ ಸುಮಾರು 125 ಕಿಲೊ ಭಾರ, ಅಂದರೆ ಒಂದೂಕಾಲು ಚೀಲ ಜೋಳ. ಅದನ್ನು ದೂಡಿ ತೆರೆಯುವ ಭುಜಬಲ ಯಾವ ಗುಮಾಸ್ತನಿಗಿದೆ?

ಆದ್ದರಿಂದ ನೀರಿನ ಆಳ ತಿಳಿಯದಿದ್ದರೆ ಇಳಿಯಲೇಬಾರದು. ಬಸ್ಸು ಹೋಯಿತಲ್ಲ ಎಂದು ಅದರ ಬೆನ್ನು ಹತ್ತಬಾರದು. ಬಸ್ಸಿನ ಎತ್ತರ ಬೇರೆ, ಅದು ಎಬ್ಬಿಸುವ ತೆರೆಯೂ ನಮ್ಮ ಮೂಗಿಗೇ ಬಡಿಯುವದು. ಇಂಜಿನು ಗಾಳಿಯೊಡನೆ ನೀರು ಕುಡಿದು ನಿಂತರೆ ಮತ್ತೆ ಕೀಲಿ ತಿರುವಬಾರದು. ಗಾಳಿಯನ್ನು ಹಿಚುಕಬಹುದು, ನೀರನ್ನು ಹಿಚುಕಲಾಗದು. ಒಳಗಿನ ಸರಳುಗಳು ಬಾಗಿ ಇಂಜಿನೇ ಹಾಳಾಗುವದು. ನೀರು ಏರತೊಡಗಿದರೆ ಮೊದಲು ಪಟ್ಟಿ ಬಿಚ್ಚಿ, ಕೂಡಲೆ ಪಕ್ಕದ ಕಾಜು ಇಳಿಸಿ, ಮಕ್ಕಳನ್ನು ಮುಂದೆ ಮಾಡಿ ಹೊರಬೀಳಬೇಕು. ಕಾಜು ಇಳಿಯದಿದ್ದರೆ ಪಕ್ಕದ ಕಾಜಿನ ಮೂಲೆಗೆ ಹೊಡೆಯಬೇಕು. ಮುಂದಿನ ಕಾಜಿಗೆ ಹೊಡೆದು ಶಕ್ತಿ ಕಳೆಯಬಾರದು; ಎರಡು ಪದರಿನ ಆ ಕಾಜು ಬಿರಿಯುವದೇ ಹೊರತು ಉದುರದು. ನಮ್ಮ ಆಸನದ ಪಕ್ಕದಲ್ಲಿ ಈಗ ಒಂದು ಚಿಕ್ಕ ಸುತ್ತಿಗೆ ಯಾವಾಗಲೂ ಇರುತ್ತದೆ. ಇಳಿದು ನಡೆಯುವಾಗಲೂ ಜಾಗರೂಕರಾಗಿರಬೇಕು. 2017ರ ಆಗಸ್ಟ್ 29ರಂದು ಇದೇ ಮುಂಬಯಿಯ ಹೆಸರಾಂತ ವೈದ್ಯರೊಬ್ಬರು ಮೋಟಾರು ಇಳಿದು ನಡೆದು ಹೋಗುತ್ತಿದ್ದಾಗ ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ಕೈಯಲ್ಲಿ ಉದ್ದ ಕೊಡೆಯಿದ್ದರೆ ಅದರಿಂದ ನೆಲ ತಟ್ಟಿ ಹೆಜ್ಜೆಯಿಡುವದು ಲೇಸು. ಹೊರಡುವ ಮೊದಲು ಸಮುದ್ರದ ಭರತಿಯ ವೇಳೆಯನ್ನೂ ನೋಡಬೇಕು. ದೊಡ್ಡ ಭರತಿ ಮತ್ತು ದೊಡ್ಡ ಮಳೆ ಕೂಡಿದರೆ ಊರಿನ ನೀರಿಗೆ ಹೊರದಾರಿಯೇ ಇಲ್ಲ.

ಆ ವಾರದ ಕೊನೆಗೆ ಮಾವನವರ ಫೋನು ಬಂತು. ಧಾರವಾಡದಲ್ಲಿಯೂ ಎಡೆಬಿಡದ ಮಳೆ. “ನೀವು ಬರಲಿಲ್ಲಂತ ನಮಗ ಸಿಟ್ಟಿಲ್ಲ ಅಳಿಯಂದಿರ. ನೀವು ಹೊಳ್ಳಿ ಹ್ವಾದ್ರಿ ಅಂತ ಕೇಳಿ ನಿಮ್ಮ ಅತ್ತಿಯವರು ದೇವರಿಗೆ ತುಪ್ಪದ ದೀಪಾ ಹಚ್ಚ್ಯಾರ,” ಎಂದರು. ಗಣಪತಿಯ ಹಬ್ಬಕ್ಕೆ ಮುಂಚೆ ಪರಿಚಯದವರ ಕೈಯಲ್ಲಿ ಒಂದು ಡಬ್ಬಿ ಉಂಡಿ ರೈಲಿನಲ್ಲಿ ಬಂತು. ಅಷ್ಟರೊಳಗೆ ನಾಲ್ಕೂ ಹೊಸ ಟಯರುಗಳು, ಗಾಡಿಗೆ ಕಾರ್ಖಾನೆಯವರು ಹೇಳಿದ ಅಳತೆಯವು, ಬಂದಾಗಿತ್ತು. ತುಟ್ಟಿಭತ್ತೆಯ ಬಾಕಿ ಇನ್ನೂ ಬಂದಿರಲಿಲ್ಲ. ಹಾಡಿನ ಪೆಟ್ಟಿಗೆಯನ್ನು ಮಾರಿದೆವು.

ಮುಂದಿನ ಮಳೆಗಾಲಕ್ಕೆ ಮುನ್ನ ವಾಚಕರೂ ಒಮ್ಮೆ ತಮ್ಮ ಟಯರಿನ ಗೀರಿನಲ್ಲಿ ಬೆರಳಾಡಿಸಿ ನೋಡಬೇಕೆಂದು ನಮ್ಮ ಕೋರಿಕೆ. ಅದೆಲ್ಲ ಸರಿಯಿದ್ದರೂ ಆಕಾಶ ಹರಿದು ಬಿದ್ದ ದಿನ ಗಾಡಿಯನ್ನು ತಿರುಗಿಸಿ ಮನೆಗೆ ಬರಲು ನಾಚಬಾರದು. ತವರಿನವರು ದಾರಿ ಕಾಯುವದು ನಮ್ಮ ಮೋಟಾರಿಗಾಗಿ ಅಲ್ಲ, ಅದರೊಳಗೆ ಕುಳಿತವರಿಗಾಗಿ.