ನಲವತ್ತು ಗಜ, ನಾಲ್ಕೂವರೆ ಸೆಕೆಂಡು

2017ರ ಮಾರ್ಚ್ 4ರಂದು ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಲ್ಯೂಕಸ್ ಆಯಿಲ್ ಕ್ರೀಡಾಂಗಣದಲ್ಲಿ ಜಾನ್ ರಾಸ್ ಎಂಬ ತರುಣ ನಲವತ್ತು ಗಜ ಓಡಿದರು. ಎದುರಾಳಿ ಇರಲಿಲ್ಲ, ತಲೆಗೆ ಹೆಲ್ಮೆಟ್ ಇರಲಿಲ್ಲ, ಕೈಯಲ್ಲಿ ಚೆಂಡೂ ಇರಲಿಲ್ಲ. ಗಡಿಯಾರ 4.22 ಸೆಕೆಂಡು ತೋರಿಸಿತು. ಒಂಬತ್ತು ವರ್ಷ ಯಾರ ಕೈಗೂ ಸಿಗದೆ ಉಳಿದಿದ್ದ ದಾಖಲೆ ಮುರಿಯಿತು. ಮುಂದಿನ ತಿಂಗಳು ಸಿನ್ಸಿನಾಟಿ ಬೆಂಗಾಲ್ಸ್ ತಂಡ ದೇಶದ ಅಷ್ಟೂ ಕಾಲೇಜು ಆಟಗಾರರ ಪೈಕಿ ಒಂಬತ್ತನೆಯವರಾಗಿ ಅವರನ್ನು ಆರಿಸಿಕೊಂಡಿತು. ಅದೇ ವರ್ಷ, ಅದೇ ಹಾದಿಯಲ್ಲಿ ಕೂಪರ್ ಕಪ್ ಎಂಬ ಇನ್ನೊಬ್ಬರು ಓಡಿ 4.62 ಸೆಕೆಂಡು ತೆಗೆದುಕೊಂಡರು. ಇಬ್ಬರೂ ವಾಷಿಂಗ್ಟನ್ ರಾಜ್ಯದ ಕಾಲೇಜುಗಳಲ್ಲಿ ಆಡಿದವರು, ಇಬ್ಬರೂ ಚೆಂಡು ಹಿಡಿಯುವ ರಿಸೀವರ್‌ಗಳು. ಕಪ್ ಅವರ ಹೆಸರು ಕೂಗಿದ್ದು 69ನೆಯ ಸರದಿಯಲ್ಲಿ, ಮೂರನೆಯ ಸುತ್ತಿನಲ್ಲಿ.

ಅಮೆರಿಕನ್ ಫುಟ್‌ಬಾಲ್ ನಮ್ಮಲ್ಲಿ ಹೆಚ್ಚು ಜನ ನೋಡುವ ಆಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು, ಎಸೆದು, ನೂರು ಗಜದ ಮೈದಾನದಲ್ಲಿ ಗಜಗಜಕ್ಕೂ ಮೈಕೈ ತಾಗಿಸಿಕೊಂಡು ಮುನ್ನುಗ್ಗುವ ಆಟ ಅದು. ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ತಂಡಗಳಿವೆ. ಕಾಲೇಜು ಮುಗಿಸಿದ ಆಟಗಾರರನ್ನು ಈ ತಂಡಗಳು ಪ್ರತಿ ವಸಂತದಲ್ಲಿ ಸರದಿಯಂತೆ ಹಂಚಿಕೊಳ್ಳುತ್ತವೆ. ಇದೇ ಡ್ರಾಫ್ಟ್. ಹಿಂದಿನ ವರ್ಷ ತೀರಾ ಕಳಪೆಯಾಗಿ ಆಡಿದ ತಂಡಕ್ಕೆ ಮೊದಲ ಆಯ್ಕೆ. 1936ರಲ್ಲಿ ಫಿಲಡೆಲ್ಫಿಯಾದಲ್ಲಿ ಶುರುವಾದ ಈ ಪದ್ಧತಿ ಈಗ ಏಳು ಸುತ್ತುಗಳಲ್ಲಿ, ಮೂರು ದಿನ ನಡೆಯುತ್ತದೆ. ಯಾವ ಸರದಿಯಲ್ಲಿ ಹೆಸರು ಬರುತ್ತದೆ ಎಂಬುದರ ಮೇಲೆಯೇ ಹುಡುಗನ ಮೊದಲ ಒಪ್ಪಂದದ ಮೊತ್ತ ಹೆಚ್ಚುಕಡಿಮೆ ನಿಶ್ಚಯವಾಗಿಬಿಡುತ್ತದೆ. 2024ರಲ್ಲಿ ಮೊದಲಿಗರಾಗಿ ಆಯ್ಕೆಯಾದ ಕ್ಯಾಲೆಬ್ ವಿಲಿಯಮ್ಸ್ ಅವರ ನಾಲ್ಕು ವರ್ಷದ ಒಪ್ಪಂದ 3.9 ಕೋಟಿ ಡಾಲರಿಗೂ ಮಿಗಿಲು. ಕೊನೆಯ ಸುತ್ತಿನವರಿಗೆ ತಂಡದಲ್ಲಿ ಜಾಗ ಉಳಿಯುವುದೇ ಖಾತರಿಯಿಲ್ಲ.

ಡ್ರಾಫ್ಟಿಗೆ ಸುಮಾರು ಎರಡು ತಿಂಗಳು ಮೊದಲು ನಡೆಯುವ ಪರೀಕ್ಷಾ ಶಿಬಿರದ ಹೆಸರು ಸ್ಕೌಟಿಂಗ್ ಕಂಬೈನ್. ಮುನ್ನೂರಕ್ಕೂ ಹೆಚ್ಚು ಆಟಗಾರರಿಗೆ ಆಹ್ವಾನ ಹೋಗುತ್ತದೆ. ಇದು ಹುಟ್ಟಿದ್ದು ಓಟದ ವೇಗ ಅಳೆಯಲಿಕ್ಕಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಮೊದಲೆಲ್ಲ ಒಂದೊಂದು ತಂಡವೂ ಒಬ್ಬನೇ ಆಟಗಾರನನ್ನು ಬೇರೆಬೇರೆಯಾಗಿ ಕರೆಸಿ, ಅದೇ ಮೊಣಕಾಲನ್ನು ಮತ್ತೆಮತ್ತೆ ಪರೀಕ್ಷಿಸುತ್ತಿತ್ತು. ಎಲ್ಲ ವೈದ್ಯರೂ ಒಂದೆಡೆ ಸೇರಿ ನೋಡಿದರೆ ಖರ್ಚೂ ಉಳಿಯುತ್ತದೆ, ಹುಡುಗರ ಓಡಾಟವೂ ತಪ್ಪುತ್ತದೆ ಎಂದು ಡಲ್ಲಾಸ್ ಕೌಬಾಯ್ಸ್ ತಂಡದ ಟೆಕ್ಸ್ ಶ್ರಾಮ್ ಸೂಚಿಸಿದರು. 1982ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ 163 ಆಟಗಾರರೊಂದಿಗೆ ಮೊದಲ ಶಿಬಿರ ನಡೆಯಿತು. 1987ರಲ್ಲಿ ಅದು ಇಂಡಿಯಾನಾಪೊಲಿಸ್‌ಗೆ ಬಂದು ನೆಲೆ ನಿಂತಿತು. ಚಾವಣಿಯುಳ್ಳ ಕ್ರೀಡಾಂಗಣ, ನಡೆದು ಹೋಗುವಷ್ಟು ಹತ್ತಿರ ಹೋಟೆಲುಗಳು, ಸ್ಕ್ಯಾನಿಂಗ್‌ಗೆ ದೊಡ್ಡ ಆಸ್ಪತ್ರೆಗಳು, ಎಲ್ಲವೂ ಒಂದೇ ಕಡೆ ಸಿಕ್ಕಿದ ಊರು ಅದು.

ಆದರೆ ಟಿ.ವಿ.ಯ ಕ್ಯಾಮೆರಾ ವೈದ್ಯರ ಕೋಣೆಗೆ ಹೋಗಲಾರದು. ಅದು ನಲವತ್ತು ಗಜದ ಹಾದಿಯ ಮೇಲೆ ನಿಂತಿತು, ಜನರ ಕಣ್ಣೂ ಅಲ್ಲೇ ನಿಂತಿತು.

ಯಾಕೆ ನಲವತ್ತೇ ಗಜ? ಕ್ಲೀವ್‌ಲ್ಯಾಂಡ್ ಬ್ರೌನ್ಸ್ ತಂಡದ ಕೋಚ್ ಪಾಲ್ ಬ್ರೌನ್ ಇದನ್ನು ರೂಢಿಗೆ ತಂದರೆಂದು ಹೇಳುತ್ತಾರೆ. ಪಂಟ್ ಎಂದರೆ ಚೆಂಡನ್ನು ಎದುರಾಳಿಯ ಅಂಗಳಕ್ಕೆ ಎತ್ತರಕ್ಕೆ ಒದೆಯುವುದು. ಅದು ಸುಮಾರು ನಲವತ್ತು ಗಜ ದೂರ ಹೋಗಿ, ನಾಲ್ಕೂವರೆ ಸೆಕೆಂಡಿನ ಹೊತ್ತಿಗೆ ಇಳಿಯುತ್ತದೆ. ಅಷ್ಟರೊಳಗೆ ಓಡಿ ಚೆಂಡಿನ ಕೆಳಗೆ ನಿಲ್ಲಬಲ್ಲವರು ಯಾರು ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಆಟದ ಒಂದು ತುಣುಕಿಗೆ ಹೊಂದುವ ಈ ಅಳತೆ ಕಾಲಕ್ರಮೇಣ ಇಡೀ ಆಟಗಾರನ ಅಳತೆಯಾಗಿ ಬೆಳೆದುಬಿಟ್ಟಿತು.

ಓಟದ ವಿಧಾನವನ್ನು ತುಸು ಹತ್ತಿರದಿಂದ ನೋಡಬೇಕು. ಆಟಗಾರ ಒಂದು ಕೈಯನ್ನು ನೆಲಕ್ಕೂರಿ, ಸೊಂಟ ಎತ್ತಿ ಅಲುಗಾಡದೆ ನಿಲ್ಲುತ್ತಾನೆ. ಪಿಸ್ತೂಲಿನ ಸದ್ದಿಲ್ಲ, ಅವನು ಅಲುಗಿದ ಕ್ಷಣವೇ ಆರಂಭ. ಆ ಅಲುಗಾಟವನ್ನು ಕಂಡು ಗುಂಡಿ ಒತ್ತುವುದು ಒಬ್ಬ ಮನುಷ್ಯ. ಕೊನೆಯ ಗೆರೆಯಲ್ಲಿ ಮಾತ್ರ ಬೆಳಕಿನ ಕಿರಣ ಗಡಿಯಾರ ನಿಲ್ಲಿಸುತ್ತದೆ. ಹತ್ತು ಮತ್ತು ಇಪ್ಪತ್ತು ಗಜದ ಸಮಯಗಳನ್ನೂ ಬೇರೆಯಾಗಿ ಬರೆದುಕೊಳ್ಳುತ್ತಾರೆ. ಪ್ರತಿಯೊಬ್ಬನಿಗೂ ಎರಡು ಅವಕಾಶ.

ಹೀಗಾಗಿ ಈ ಸಂಖ್ಯೆಯನ್ನು ಅಥ್ಲೆಟಿಕ್ಸ್ ಟ್ರ್ಯಾಕಿನ ಸಂಖ್ಯೆಯ ಪಕ್ಕ ಇಡುವುದು ಸರಿಯಲ್ಲ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಸೆಕೆಂಡಿನ ವಿಶ್ವದಾಖಲೆ ಬರೆದಾಗ 30 ಮೀಟರನ್ನು 3.78ಕ್ಕೆ, 40 ಮೀಟರನ್ನು 4.64ಕ್ಕೆ ದಾಟಿದ್ದರು. ನಲವತ್ತು ಗಜವೆಂದರೆ 36.58 ಮೀಟರ್. ಲೆಕ್ಕ ಹಾಕಿದರೆ ಅವರು ಆ ಗೆರೆ ದಾಟಿದ್ದು ಸುಮಾರು 4.35ಕ್ಕೆ. ಹಾಗಾದರೆ ರಾಸ್ ಬೋಲ್ಟ್‌ಗಿಂತ ವೇಗಿಯೇ? ಅಲ್ಲ. ಬೋಲ್ಟ್ ಸದ್ದು ಕೇಳಿ ಹೊರಡಲು ತೆಗೆದುಕೊಂಡ 0.146 ಸೆಕೆಂಡೂ ಆ ಸಮಯದೊಳಗೆ ಸೇರಿದೆ, ಕಂಬೈನ್ ಓಟದಲ್ಲಿ ಅಂಥ ಸಮಯವೇ ಇಲ್ಲ.

ಕನ್ನಡ ಓದುಗರಿಗೆ ಈ ಗೊಂದಲ ಹೊಸದಲ್ಲ. 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ, ಅದನ್ನು ನೂರು ಮೀಟರಿಗೆ ಇಳಿಸಿ 9.55 ಎಂದು ದೇಶವೆಲ್ಲ ಸಂಭ್ರಮಿಸಿತು. ಬೆಂಗಳೂರಿನ ಸಾಯ್ ಕೇಂದ್ರದಲ್ಲಿ ಟ್ರಯಲ್‌ಗೆ ಕೇಂದ್ರ ಕ್ರೀಡಾ ಸಚಿವರಿಂದ ಕರೆ ಬಂತು. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಕಾಲ್ಬೆರಳ ಮೇಲೆ, ಎರಡೂ ಬೇರೆ ಎಂದು ಗೌಡರು ಹೇಳಿದರು, ಟ್ರಯಲ್‌ಗೆ ಹೋಗಲಿಲ್ಲ. ಕೆಸರು, ಕೋಣ, ಹಗ್ಗ ಇವೆಲ್ಲ ಸೇರಿ ಆದ ವೇಗವದು. ಅದರ ಬೆಲೆ ಕಂಬಳದೊಳಗೇ ಇದೆ. ಅವರ ಆ ಮಾತಿನಲ್ಲಿದ್ದ ವಿವೇಕ ಎನ್‌ಎಫ್‌ಎಲ್‌ನ ಹಲವು ತಂಡಗಳಿಗೆ ಬರಲು ದಶಕಗಳೇ ಬೇಕಾದವು.

1995ರ ಕಥೆ ಕೇಳಿ. ಬಾಸ್ಟನ್ ಕಾಲೇಜಿನ ಮೈಕ್ ಮಮುಲಾ ತಿಂಗಳುಗಟ್ಟಲೆ ಆಟ ಬಿಟ್ಟು ಪರೀಕ್ಷೆಗೇ ತಯಾರಾದರು. ಎಲ್ಲಿ ಕೈಯೂರಬೇಕು, ಮೊದಲ ಹೆಜ್ಜೆ ಎಷ್ಟುದ್ದ ಇರಬೇಕು, 225 ಪೌಂಡಿನ ಭಾರವನ್ನು ಮಲಗಿ ಎಷ್ಟು ಸಲ ಎತ್ತಬೇಕು ಎಂದು ಒಂದೊಂದನ್ನೂ ಅಭ್ಯಾಸ ಮಾಡಿದರು. ಅವರ ಅಂಕಿಗಳು ಬೆರಗು ಹುಟ್ಟಿಸಿದವು. ಫಿಲಡೆಲ್ಫಿಯಾ ಈಗಲ್ಸ್ ತಂಡ ಟ್ಯಾಂಪಾ ತಂಡದೊಡನೆ ಸರದಿ ಬದಲಿಸಿಕೊಂಡು, 12ರಿಂದ 7ಕ್ಕೆ ಏರಿ, ಅವರನ್ನು ತೆಗೆದುಕೊಂಡಿತು. ಟ್ಯಾಂಪಾ ಆ 12ನೆಯ ಸರದಿಯಲ್ಲಿ ಆರಿಸಿದ್ದು ವಾರನ್ ಸ್ಯಾಪ್ ಅವರನ್ನು. ಸ್ಯಾಪ್ ಇಂದು ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. ಮಮುಲಾ ಕೆಟ್ಟ ಆಟಗಾರರೇನಲ್ಲ, ಐದು ಋತು ದುಡಿದರು. ಆದರೆ ಏಳನೆಯ ಆಯ್ಕೆಯ ನಿರೀಕ್ಷೆಯನ್ನು ಮುಟ್ಟಲಾಗಲಿಲ್ಲ. ಅವರು ತೋರಿಸಿದ ದಾರಿ ಮಾತ್ರ ಉಳಿಯಿತು. ಇಂದು ಅರಿಜೋನಾ, ಫ್ಲಾರಿಡಾಗಳ ತರಬೇತಿ ಕೇಂದ್ರಗಳಲ್ಲಿ ಜನವರಿಯಿಂದಲೇ ಹುಡುಗರು ಇದೊಂದೇ ಓಟವನ್ನು ಕಲಿಯುತ್ತಾರೆ. ಸೆಕೆಂಡಿನ ಹತ್ತನೇ ಒಂದು ಭಾಗ ಇಳಿಸಲು ವಾರಗಟ್ಟಲೆ ಬೆವರು ಹರಿಸುತ್ತಾರೆ. ಆ ವೇಗದಲ್ಲಿ ಹತ್ತನೇ ಒಂದು ಸೆಕೆಂಡೆಂದರೆ ಒಂದು ಮೀಟರಿನಷ್ಟು ನೆಲ.

ವೇಗ ಸುಳ್ಳೆಂದು ಹೇಳುತ್ತಿಲ್ಲ. 2008ರಲ್ಲಿ 4.24 ಓಡಿದ ಕ್ರಿಸ್ ಜಾನ್ಸನ್ ಮರುವರ್ಷವೇ ಟೆನೆಸಿ ಪರವಾಗಿ ಒಂದೇ ಋತುವಿನಲ್ಲಿ 2,006 ಗಜ ಚೆಂಡು ಹೊತ್ತು ಓಡಿದರು. 2024ರಲ್ಲಿ ಟೆಕ್ಸಸ್‌ನ ಝೇವಿಯರ್ ವರ್ದಿ 4.21ಕ್ಕೆ ಓಡಿ ರಾಸ್ ದಾಖಲೆ ಮುರಿದರು, ಮರುವರ್ಷ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ಕ್ಯಾನ್ಸಸ್ ಸಿಟಿಗೆ ಎರಡು ಟಚ್‌ಡೌನ್ ಗಳಿಸಿಕೊಟ್ಟರು. ತೂಕದ ಜೊತೆಗಿಟ್ಟು ನೋಡಿದಾಗ ಈ ಅಂಕಿ ಇನ್ನಷ್ಟು ಮಾತಾಡುತ್ತದೆ. 2022ರಲ್ಲಿ 341 ಪೌಂಡ್, ಅಂದರೆ ಸುಮಾರು 155 ಕಿಲೋ ತೂಗುವ ಜಾರ್ಡನ್ ಡೇವಿಸ್ ನಲವತ್ತು ಗಜವನ್ನು 4.78ಕ್ಕೆ ಓಡಿದರು. ಅಂಥ ದೇಹ ಅಷ್ಟು ಬೇಗ ಬರುವುದನ್ನು ಕಂಡರೆ ಎದುರು ನಿಲ್ಲಬೇಕಾದವನ ಪಾಡು ಯಾರಿಗಾದರೂ ಅರ್ಥವಾಗುತ್ತದೆ.

ಆದರೆ ಮೈದಾನದಲ್ಲಿ ಯಾರಾದರೂ ನಲವತ್ತು ಗಜ ನೇರವಾಗಿ, ಅಡೆತಡೆಯಿಲ್ಲದೆ ಓಡುವುದು ಅಪರೂಪ. ಆರು ಗಜ ಹೋಗಿ ತಿರುಗಬೇಕು, ಎದುರಾಳಿಯ ಕಣ್ಣು ತಪ್ಪಿಸಬೇಕು, ಬೆನ್ನ ಹಿಂದಿನಿಂದ ಬರುವ ಚೆಂಡನ್ನು ಊಹಿಸಬೇಕು. 2000ದಲ್ಲಿ ಟಾಮ್ ಬ್ರೇಡಿ 5.28 ಸೆಕೆಂಡು ತೆಗೆದುಕೊಂಡು 199ನೆಯವರಾಗಿ ಆಯ್ಕೆಯಾದರು, ಏಳು ಸೂಪರ್ ಬೌಲ್ ಗೆದ್ದರು. ರಾಸ್ ಗಾಯಗಳಿಂದ ಬಳಲಿ ಮೊದಲ ಋತುವಿನಲ್ಲಿ ಒಂದು ಚೆಂಡನ್ನೂ ಹಿಡಿಯಲಾಗಲಿಲ್ಲ. ಕಪ್ 2021ರ ಋತುವಿನಲ್ಲಿ 145 ಚೆಂಡು ಹಿಡಿದು 1,947 ಗಜ ಗಳಿಸಿ, ಲಾಸ್ ಏಂಜಲೀಸ್ ರ‍್ಯಾಮ್ಸ್ ಗೆದ್ದ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರರಾದರು. ಸೋತ ತಂಡ ಸಿನ್ಸಿನಾಟಿ ಬೆಂಗಾಲ್ಸ್. ರಾಸ್ ಆ ವೇಳೆಗೆ ಆ ತಂಡ ಬಿಟ್ಟಿದ್ದರು.

ಈ ಶಿಬಿರದ ಇನ್ನೊಂದು ಮುಖ ನನ್ನನ್ನು ಕಾಡುತ್ತದೆ. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗರನ್ನು ಬರಿ ಚಡ್ಡಿಯಲ್ಲಿ ನಿಲ್ಲಿಸಿ ಎತ್ತರ, ತೂಕ, ತೋಳಿನುದ್ದ, ಅಂಗೈ ಅಗಲ ಅಳೆಯುತ್ತಾರೆ. ಒಂದೇ ಭುಜವನ್ನು ಹಲವು ತಂಡಗಳ ವೈದ್ಯರು ಒಬ್ಬರಾದ ಮೇಲೊಬ್ಬರು ತಿರುಚಿ ನೋಡುತ್ತಾರೆ. ಅರ್ಧಕ್ಕಿಂತ ಹೆಚ್ಚು ಆಟಗಾರರು ಕಪ್ಪು ಜನಾಂಗದವರಾಗಿರುವ ಲೀಗಿನಲ್ಲಿ ಈ ದೃಶ್ಯ ಯಾವ ಹಳೆಯ ಸಂತೆಯನ್ನು ನೆನಪಿಸುತ್ತದೆಂದು ಅಲ್ಲಿಯವರೇ ಹೇಳಿದ್ದಾರೆ. ಆಟಗಾರರ ಸಂಘದ ಮುಖ್ಯಸ್ಥರಾಗಿದ್ದ ಡಿಮಾರಿಸ್ ಸ್ಮಿತ್ ಇದನ್ನು ನಿಲ್ಲಿಸಬೇಕೆಂದೇ ವಾದಿಸಿದರು. ಅವರ ವಾದ ನನಗೆ ನ್ಯಾಯವಾಗಿ ಕಾಣುತ್ತದೆ. ಆರೋಗ್ಯ ತಪಾಸಣೆ ಬೇಕು, ಅದಕ್ಕೆ ಮನುಷ್ಯನನ್ನು ಪ್ರದರ್ಶನಕ್ಕಿಡುವ ಅಗತ್ಯವಿಲ್ಲ. ಬದಲಾವಣೆ ನಿಧಾನವಾಗಿ ಬರುತ್ತಿದೆ. 2022ರಲ್ಲಿ ಬುದ್ಧಿಮತ್ತೆ ಅಳೆಯುವ ವಂಡರ್ಲಿಕ್ ಪರೀಕ್ಷೆಯನ್ನು ಕೈಬಿಟ್ಟರು. 2024ರಲ್ಲಿ ಕ್ಯಾಲೆಬ್ ವಿಲಿಯಮ್ಸ್ ಶಿಬಿರದ ವೈದ್ಯಕೀಯ ಪರೀಕ್ಷೆಗೆ ಒಲ್ಲೆ ಎಂದರು, ಮಾರ್ವಿನ್ ಹ್ಯಾರಿಸನ್ ಜೂನಿಯರ್ ನಲವತ್ತು ಗಜ ಓಡಲೇ ಇಲ್ಲ. ಒಬ್ಬರು ಮೊದಲಿಗರಾಗಿ, ಇನ್ನೊಬ್ಬರು ನಾಲ್ಕನೆಯವರಾಗಿ ಆಯ್ಕೆಯಾದರು. ಅವರ ಪರವಾಗಿ ಕಾಲೇಜು ಪಂದ್ಯಗಳ ವಿಡಿಯೋಗಳೇ ಮಾತಾಡಿದ್ದವು. ಹಾಗೆ ಒಲ್ಲೆ ಎನ್ನುವ ಶಕ್ತಿ ಹೆಸರು ಮಾಡಿದವರಿಗಿದೆ. ಸಣ್ಣ ಕಾಲೇಜಿನ ಹುಡುಗನಿಗೆ ಇಲ್ಲ, ಅವನಿಗೆ ಆ ನಾಲ್ಕೂವರೆ ಸೆಕೆಂಡೇ ಸಿಗುವ ಏಕೈಕ ಸಂದರ್ಶನ.

ಈಗ ಆಟಗಾರರ ಭುಜಕವಚದೊಳಗೆ ಪುಟ್ಟ ಚಿಪ್ ಇರುತ್ತದೆ. ಪಂದ್ಯದ ನಡುವೆ ಯಾರು, ಯಾವ ಕ್ಷಣದಲ್ಲಿ, ಎಷ್ಟು ವೇಗದಲ್ಲಿ ಓಡಿದರೆಂಬುದು ತಂಡಗಳಿಗೆ ಸಿಗುತ್ತದೆ. ರ‍್ಯಾಮ್ಸ್ ತಂಡದ ಕೋಚ್ ಶಾನ್ ಮೆಕ್‌ವೇ ಇಂಡಿಯಾನಾಪೊಲಿಸ್‌ಗೆ ಹೋಗುವುದನ್ನೇ ಕೆಲವು ವರ್ಷ ಬಿಟ್ಟರು. 2023ರ ಐದನೆಯ ಸುತ್ತಿನಲ್ಲಿ, 177ನೆಯ ಸರದಿಯಲ್ಲಿ, ಅವರ ತಂಡ ಪೂಕಾ ನಕೂವಾ ಎಂಬ ರಿಸೀವರ್‌ನನ್ನು ಆರಿಸಿತು. ತಮ್ಮ ಕಾಲೇಜಿನಲ್ಲೇ ನಡೆದ ಪ್ರೊ ಡೇ ಎಂಬ ಪರೀಕ್ಷೆಯಲ್ಲಿ ನಕೂವಾ ಓಡಿದ್ದು 4.57. ಆ ವರ್ಷ ಅವರು 1,486 ಗಜ ಗಳಿಸಿದರು. ಲೀಗಿನ ಇತಿಹಾಸದಲ್ಲಿ ಯಾವ ಹೊಸ ರಿಸೀವರ್ ಕೂಡ ಮೊದಲ ಋತುವಿನಲ್ಲಿ ಅಷ್ಟು ಗಳಿಸಿರಲಿಲ್ಲ.