ಡಬ್ಲಿನ್‌ನಿಂದ ಡ್ಯಾನ್‌ವಿಲ್‌ಗೆ, ಹಳೇ ರೈಲು ಹಾದಿಯಲ್ಲಿ



ಊರಿಂದ ಬಂದ ಅಪ್ಪ ಅಮ್ಮನಿಗೆ ಗೋಲ್ಡನ್ ಗೇಟ್, ಲಿವರ್‌ಮೋರ್ ದೇವಸ್ಥಾನ ತೋರಿಸಿದ ಮೇಲೆ ನಾವು ಆಫೀಸಿಗೆ, ಅವರು ಮನೆಯೊಳಗೆ. ಕಾರಿಲ್ಲದೆ ಎಲ್ಲಿಗೂ ಹೋಗಲಾಗದು ಎಂಬುದು ಅವರ ದೂರು. ಡಬ್ಲಿನ್‌ನಲ್ಲಿ ಅದು ಪೂರ್ತಿ ನಿಜವಲ್ಲ.

ಡಾನ್ಲನ್ ವೇಯ ಹೆರಿಟೇಜ್ ಪಾರ್ಕ್‌ನಿಂದ ಹೊರಡಿ. 1856ರ ಮರ್ರೇ ಶಾಲೆ (ಬೇರೆಡೆಯಿಂದ ತಂದು ಇಲ್ಲಿಟ್ಟದ್ದು), 1859ರ ಸೇಂಟ್ ರೇಮಂಡ್ ಚರ್ಚು, ಪಕ್ಕದಲ್ಲೇ ಸ್ಮಶಾನ. ಚರ್ಚು ಕಟ್ಟುವಾಗ ಚಾವಣಿಯಿಂದ ಬಿದ್ದು ಸತ್ತ ಟಾಮ್ ಡಾನ್ಲನ್‌ನನ್ನು ಹೂಳಿದ್ದು ಇಲ್ಲೇ. ಕಲ್ಲುಗಳ ಮೇಲಿನ ಐರಿಷ್ ಹೆಸರುಗಳನ್ನು ನಿಧಾನವಾಗಿ ಓದಿ. ಅವರೂ ಊರು ಬಿಟ್ಟು ಬಂದವರೇ ತಾನೆ!

ಅಲ್ಲಿಂದ ಪೂರ್ವಕ್ಕೆ ನಡೆದರೆ ಐರನ್ ಹಾರ್ಸ್ ಟ್ರೇಲ್. 1891ರಿಂದ 1978ರವರೆಗೆ ಸದರ್ನ್ ಪೆಸಿಫಿಕ್ ರೈಲು ಮಾರ್ಗವಾಗಿದ್ದ ಹಾದಿ ಇದು. ರೈಲಿಗೆ ಕಡಿದಾದ ಏರು ಆಗದು. ಹಾಗಾಗಿ ಸುತ್ತ ಗುಡ್ಡಗಳಿದ್ದರೂ ದಾರಿ ಬಹುಪಾಲು ಸಮತಟ್ಟು, ಸ್ಟ್ರೋಲರ್‌ಗೂ ಸಲೀಸು. ಉತ್ತರಕ್ಕೆ ಸ್ಯಾನ್ ರಮೋನ್ ದಾಟಿ ಡ್ಯಾನ್‌ವಿಲ್ ಸುಮಾರು ಹತ್ತು ಮೈಲಿ. ಅಲ್ಲಿನ ಹಳೇ ಸ್ಟೇಷನ್ನೇ ಈಗ ಮ್ಯೂಸಿಯಂ.

ದಾರಿಯುದ್ದಕ್ಕೂ ಹಳ್ಳಿ ಸಿಗುತ್ತದೆ ಅಂದುಕೊಳ್ಳಬೇಡಿ. ಹಿತ್ತಲ ಬೇಲಿಗಳೇ ಹೆಚ್ಚು. ಪೇರ್, ವಾಲ್‌ನಟ್ ತೋಟವಾಗಿದ್ದ ಬಿಷಪ್ ರಾಂಚ್‌ನಲ್ಲಿ ಈಗ ಆಫೀಸುಗಳು. ಗುಡ್ಡ ಹಸಿರಾಗಿರುವ ಮಾರ್ಚ್‌ನಲ್ಲಿ ಹೋಗಿ. ಬೇಸಿಗೆಯಲ್ಲಿ ನೆರಳು ಸಾಲದು. ನೀರು, ಚಿತ್ರಾನ್ನ ಕಟ್ಟಿಕೊಳ್ಳಿ. ಮರಳುವ ಬಸ್ಸಿನ ವೇಳೆ ಮೊದಲೇ ನೋಡಿ, ಇಲ್ಲವೇ ಎರಡು ಶನಿವಾರಕ್ಕೆ ಹಂಚಿಕೊಳ್ಳಿ.

ನಮ್ಮಪ್ಪ ಮೊದಲ ದಿನ ಒಂದೇ ಮೈಲಿಗೆ ಬೆಂಚು ಹಿಡಿದರು. ತಿಂಗಳಾಗುವಷ್ಟರಲ್ಲಿ, ನಾನು ಏಳುವ ಮೊದಲೇ ಒಬ್ಬರೇ ಹೊರಟಿರುತ್ತಿದ್ದರು.